ಕರಡಿಗೆ ಯಾವ ಅಲಗು?

ಬುಧವಾರ ಬೆಳಗ್ಗೆ ಆರೂಕಾಲಿಗೆ ನಾರ್ಬರ್ಟ್ ಝೆಲಿನ್ಸ್ಕಿ, ಮರ್ಲ್ ಟೋರ್ಗರ್ಸನ್‌ನ ಅಂಗಡಿಯಲ್ಲಿ ಕಾಫಿ ಬಗ್ಗಿಸಿಕೊಳ್ಳುತ್ತ, ಕರಡಿಗೆ ಯಾವ ಅಲಗು ಒಳ್ಳೆಯದು ಎಂದು ಕೇಳಿದ.

ಉತ್ತರ ವಿಸ್ಕಾನ್ಸಿನ್‌ನಲ್ಲಿ ಇದು ಬಾಯಿ ಬಿಟ್ಟು ಕೇಳುವ ಪ್ರಶ್ನೆಯಲ್ಲ. ಹೆಂಡತಿಯನ್ನು ಹೇಗೆ ಸಮಾಧಾನ ಮಾಡಬೇಕು ಎಂದು ಕೇಳಿದರೆ ಅಲ್ಲಿನ ಗಂಡಸರು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ಬಾಣದ ತುದಿಗೆ ಸಿಕ್ಕಿಸುವ ಅಲಗಿನ ವಿಚಾರದಲ್ಲಿ ಗೊತ್ತಿಲ್ಲ ಎಂದವನು ಇನ್ನೂ ಹುಟ್ಟಿಲ್ಲ.

ನಾರ್ಬರ್ಟ್‌ಗೆ ಐವತ್ತಮೂರು ವರ್ಷ. ಶಾಲಾ ಬಸ್ಸುಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ಆ ಕಡೆ ಕರಡಿ ಹೊಡೆಯಲು ಸರ್ಕಾರ ಎತ್ತುವ ಚೀಟಿಯಲ್ಲಿ ಹೆಸರು ಬರಬೇಕು. ವರ್ಷಕ್ಕೊಂದು ಅರ್ಜಿ, ಅರ್ಜಿಗೊಂದು ಅಂಕ; ಅಂಕ ಹೆಚ್ಚಿದ್ದವರ ಹೆಸರು ಮೊದಲು. ಅವನು ಹನ್ನೊಂದು ವರ್ಷ ಅಂಕ ಕೂಡಿಸಿದ್ದ. ಆ ಹನ್ನೊಂದು ವರ್ಷವೂ ಊರಿನ ಬೇರೆಯವರು ಹೊಡೆಯುವ ಕರಡಿಗಳಿಗೆ ಆಮಿಷವಾಗಿ ಹಳಸಿದ ಡೋನಟ್ ಹೊತ್ತು ಕಾಡಿನಲ್ಲಿ ಸುರಿದು ಬಂದಿದ್ದ. ಈ ಫೆಬ್ರವರಿಯಲ್ಲಿ ಹೆಸರು ಬಂತು. ಒಂದು ಹಂಗಾಮು, ಒಂದು ಕರಡಿ. ಹೆಸರು ಬಂದ ದಿನವೇ ಅಂಕಗಳು ಸೊನ್ನೆಯಾಗುತ್ತವೆ. ಈ ಸಲ ಕೈತಪ್ಪಿದರೆ ಮುಂದಿನದು ಅವನ ಅರವತ್ತನಾಲ್ಕನೆಯ ವಯಸ್ಸಿಗೆ.

ಅವತ್ತು ಬೆಳಗ್ಗೆ, ಅವನು ಕಾಡಿನಲ್ಲಿ ಮರಕ್ಕೆ ಕಟ್ಟಿದ್ದ ಕ್ಯಾಮೆರಾದಿಂದ ಫೋನಿಗೆ ಚಿತ್ರ ಬಂದಿತ್ತು. ಪೊಳ್ಳು ದಿಮ್ಮಿಯೊಳಗೆ ಇಟ್ಟಿದ್ದ ಡೋನಟ್ಟಿಗೆ ಒಂದು ಗಂಡು ಕರಡಿ ಮೂತಿ ತೂರಿಸಿತ್ತು. ಅಷ್ಟಗಲ ತಲೆಯ ಮೇಲೆ ಕಿವಿಗಳು ಕೋಟಿನ ಗುಂಡಿಯಷ್ಟು ಚಿಕ್ಕವಾಗಿ ಕಾಣುತ್ತಿದ್ದವು. ಕಿವಿ ಚಿಕ್ಕದಾಗಿ ಕಂಡರೆ ಕರಡಿ ದೊಡ್ಡದು. ಇದಷ್ಟು ಅಲ್ಲಿ ಎಲ್ಲರಿಗೂ ಗೊತ್ತು.

ಮರ್ಲ್ ಚಿತ್ರ ನೋಡಿದ. ಗಲ್ಲಾ ಬಿಟ್ಟು ಈಚೆ ಬಂದ. ಎತ್ತರದಲ್ಲಿ ತಲೆ ತಿರುಗುತ್ತದೆಂದು ಅವನು ಒಮ್ಮೆಯೂ ಬೇಟೆಯ ಅಟ್ಟಣೆ ಹತ್ತಿದವನಲ್ಲ. ಇಪ್ಪತ್ತೆರಡು ವರ್ಷದಿಂದ ಬೇಟೆಗಾರರಿಗೆ ಸಲಹೆ ಕೊಡುತ್ತಿದ್ದ.

"ಬಿಚ್ಚಿಕೊಳ್ಳೋ ಅಲಗು ತಗೋ ನಾರ್ಬ್. ಹೋಗುವಾಗ ಮುಚ್ಕೊಂಡಿರುತ್ತೆ, ತಾಗಿದ ತಕ್ಷಣ ರೆಕ್ಕೆ ಬಿಚ್ಚುತ್ತೆ. ಎರಡಿಂಚು ಅಗಲ! ಬಾಗಿಲೇ ತೆಗೆದಂಗೆ."

"ಎಲ್ಲಿಗೆ ಹೊಡೀಲಿ?"

"ಮಧ್ಯದ ಮಧ್ಯ. ಕರಡಿ ಉದ್ದದ ಮಧ್ಯ, ಎತ್ತರದ ಮಧ್ಯ. ಮರೀಬೇಡ."

ಅಷ್ಟರಲ್ಲಿ ಹಾಲಿನ ಡಬ್ಬ ಹಿಡಿದು ಹಿಂದೆ ನಿಂತಿದ್ದ ಡ್ವೇಯ್ನ್ ಕೆಮ್ಮಿದ. ಡ್ವೇಯ್ನ್ ನಾರ್ಬರ್ಟ್‌ನ ಹೆಂಡತಿಯ ಅಣ್ಣ. ಅವನು ಇದುವರೆಗೆ ಕೊಂದ ಒಂದೇ ಕರಡಿ ಅವನ ಪಿಕಪ್ಪಿಗೆ ಅಡ್ಡ ಬಂದದ್ದು.

"ಇವನ ಮಾತು ಕೇಳಿದ್ರೆ ಕೆಟ್ಟೆ. ಅದು ಅಲಗಲ್ಲ ಕಣೋ, ಕೊಡೆ! ಬಿಚ್ಚೋದಕ್ಕೇ ಅದರ ಅರ್ಧ ಜೋರು ಹೋಗುತ್ತೆ. ಎರಡು ಬಾಯಿಯ, ಬಿಚ್ಚದೇ ಇರೋ ಗಟ್ಟಿ ಅಲಗು ಹಾಕು. ಈ ಕಡೆಯಿಂದ ಹೋಗಿ ಆ ಕಡೆ ಬರಬೇಕು. ಕರಡಿ ಮೈಯಲ್ಲಿ ಕೊಬ್ಬು. ಒಂದೇ ತೂತಾದ್ರೆ ಕೊಬ್ಬು ಬಂದು ಮುಚ್ಚುತ್ತೆ, ಒಂದು ಹನಿ ರಕ್ತ ನೆಲಕ್ಕೆ ಬೀಳಲ್ಲ. ಎಲ್ಲಿ ಅಂತ ಹುಡುಕ್ತೀಯ?"

"ಎಲ್ಲಿಗೆ ಹೊಡೀಲಿ?"

"ಭುಜಕ್ಕೆ ಅಂಟಿದಂಗೆ, ಹಿಂದೆ. ಮಧ್ಯದ ಮಧ್ಯಕ್ಕೆ ಹೊಡೆದ್ರೆ ಅದರ ಬೆಳಗಿನ ತಿಂಡಿ ಸಿಗುತ್ತೆ ಅಷ್ಟೆ."

ನಾರ್ಬರ್ಟ್ ಮರ್ಲ್‌ನ ಒಂದು ಪೊಟ್ಟಣ ಕೊಂಡ. ಡ್ವೇಯ್ನ್‌ಗೆ ಬೇಸರವಾಗದಿರಲೆಂದು ಅವನು ಪಿಕಪ್ಪಿನಿಂದ ತಂದುಕೊಟ್ಟ ಅಲಗನ್ನೂ ಜೇಬಿಗೆ ಹಾಕಿಕೊಂಡ. ಯಾರಿಗೂ ಬೇಸರ ಮಾಡಬಾರದೆಂಬುದು ಅವನ ಸ್ವಭಾವ. ಬೇರೆ ಸ್ವಭಾವ ಯಾವುದೂ ಅವನಲ್ಲಿ ಕಂಡವರಿಲ್ಲ.

ಹನ್ನೊಂದು ಗಂಟೆಗೆ ಸುದ್ದಿ ಕೇಳಿ ಬಸ್ ಶೆಡ್ಡಿಗೆ ಹಾಫ್‌ಬಾವರ್ ಮೇಷ್ಟ್ರು ಬಂದರು. ಮೂವತ್ತೊಂದು ವರ್ಷ ಶಾಲೆಯಲ್ಲಿ ಜೀವಶಾಸ್ತ್ರ ಹೇಳಿ ನಿವೃತ್ತರಾದವರು. ಆ ಮೂವತ್ತೊಂದು ವರ್ಷದಲ್ಲಿ ಅವರು ಕೊಯ್ದದ್ದು ಕಪ್ಪೆಗಳನ್ನು ಮಾತ್ರ. ಆದರೂ ಊರಿನ ಯಾವ ಪ್ರಾಣಿಯ ಒಳಗನ್ನೂ ತಮ್ಮ ಅಪ್ಪಣೆಯಿಲ್ಲದೆ ಯಾರೂ ನೋಡಬಾರದು ಎಂಬ ಗತ್ತು.

"ನಾರ್ಬರ್ಟ್, ಒಂಬತ್ತನೇ ಕ್ಲಾಸಲ್ಲಿ ನಿನಗೆ ಎಷ್ಟು ಬಂದಿತ್ತು?"

"ಜಸ್ಟ್ ಪಾಸು, ಮೇಷ್ಟ್ರೇ."

"ಅದಕ್ಕೇ ಬಂದೆ. ಸೀಮೆಸುಣ್ಣ ಇದೆಯಾ?"

ಸೀಮೆಸುಣ್ಣ ಇತ್ತು. ಬರೆಯಲು ಬೋರ್ಡ್ ಇರಲಿಲ್ಲ. ಮೇಷ್ಟ್ರು ಏಳನೇ ನಂಬರಿನ ಬಸ್ಸಿನ ಹಳದಿ ಪಕ್ಕೆಯ ಮೇಲೆ ನಿಜ ಅಳತೆಯ ಕರಡಿ ಬರೆದರು. ಭುಜದ ಮೂಳೆ, ಶ್ವಾಸಕೋಶ, ಗುಂಡಿಗೆ, ಯಕೃತ್ತು, ಕರುಳು.

"ಹೊಟ್ಟೆ ಕೆಳಗೆ ಕಾಣೋದೆಲ್ಲ ಮೈ ಅಲ್ಲ, ಕೂದಲು. ಹೊಟ್ಟೆಯ ಗೆರೆ ನಂಬಿ ಕೆಳಗೆ ಹೊಡೆದ್ರೆ ಕ್ಷೌರ ಮಾಡಿದಂಗಾಗುತ್ತೆ. ಈ ಕಡೆಯ ಮುಂಗಾಲು ಮುಂದಕ್ಕೆ ಇಡೋ ತನಕ ಕಾಯಿ. ಆಗ ಭುಜ ಸರಿದು ಪಕ್ಕೆ ತೆರೆದುಕೊಳ್ಳುತ್ತೆ. ಭುಜದಿಂದ ನಾಲ್ಕು ಬೆರಳು ಹಿಂದೆ. ಅರ್ಧ ಎತ್ತರಕ್ಕಿಂತ ಸ್ವಲ್ಪ ಕೆಳಗೆ. ಎಷ್ಟು ಬೆರಳು?"

"ನಾಲ್ಕು, ಮೇಷ್ಟ್ರೇ."

ಮಧ್ಯಾಹ್ನ ಊಟದ ಹೊತ್ತಿಗೆ ಶೆಡ್ಡಿನ ಹಿಂದೆ ಅಲಗುಗಳ ಪರೀಕ್ಷೆ ನಡೆಯಿತು; ಬಾಣ ಬಿಟ್ಟವನು ನಾರ್ಬರ್ಟ್. ಮರ್ಲ್ ಅಂಗಡಿಗೆ 'ಹತ್ತು ನಿಮಿಷದಲ್ಲಿ ಬರುತ್ತೇನೆ' ಎಂಬ ಬೋರ್ಡ್ ತಗುಲಿಸಿ ಬಂದು ಒಂದೂವರೆ ಗಂಟೆ ನಿಂತ. ಅವನ ಅಲಗು ನೆಟ್ಟಗೆ ಹೋಗಿ ಹುಲ್ಲಿನ ಮೂಟೆಗೆ ನಾಟಿತು. ಡ್ವೇಯ್ನ್‌ನ ಗಟ್ಟಿ ಅಲಗು ಗಾಳಿಯಲ್ಲಿ ವಾಲಿ, ಮೂಟೆಯನ್ನು ಒಂದು ಗಜ ದೂರ ಬಿಟ್ಟು, ಡ್ವೇಯ್ನ್‌ನದೇ ಪಿಕಪ್ಪಿನ ಹಿಂದಿನ ಟೈರಿಗೆ ಹೊಕ್ಕಿತು.

"ತೂರಿಕೊಂಡು ಹೋಗುತ್ತೆ ಅಂತ ನೀನೇ ಅಂದಿದ್ದೆ. ಹೋಯ್ತು ನೋಡು," ಎಂದ ಮರ್ಲ್.

"ಅಲಗಿನ ತಪ್ಪಲ್ಲ. ಬಿಲ್ಲು ಸರಿಯಾಗಿ ಕಟ್ಟಿಲ್ಲ!" ಎಂದು ಡ್ವೇಯ್ನ್ ಕೂಗಿದ.

"ನಾಲ್ಕು ಬೆರಳು ಅಂತ ಹೇಳಿದ್ದೆ," ಎಂದರು ಮೇಷ್ಟ್ರು. ಟೈರಿಗೂ ಅದು ಅನ್ವಯಿಸುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ಟೈರು ಬದಲಾಯಿಸುವ ಕೆಲಸ ನಾರ್ಬರ್ಟ್‌ನ ತಲೆಗೇ ಬಂತು. ಅವನು ಜ್ಯಾಕ್ ತಿರುಗಿಸುತ್ತಿದ್ದಾಗ ಏಳನೇ ನಂಬರಿನ ಬಸ್ ಮಕ್ಕಳನ್ನು ಕರೆತರಲು ಹೊರಟುಹೋಯಿತು. ಒಂದು ಪಕ್ಕದಲ್ಲಿ ಶಾಲೆಯ ಹೆಸರು, ಇನ್ನೊಂದು ಪಕ್ಕದಲ್ಲಿ ಕರುಳು. ಮೂರು ಗಂಟೆಗೆ ಮುಖ್ಯೋಪಾಧ್ಯಾಯಿನಿಯ ಫೋನ್ ಬಂತು. ಒಂದನೇ ತರಗತಿಯ ಹುಡುಗಿಯೊಬ್ಬಳು ಬಸ್ ಹತ್ತಲು ಒಪ್ಪುತ್ತಿಲ್ಲವೆಂದೂ, ಉಳಿದವರು ಇಳಿಯಲು ಒಪ್ಪುತ್ತಿಲ್ಲವೆಂದೂ ಆಕೆ ತಿಳಿಸಿದರು. ನಾರ್ಬರ್ಟ್ ಕ್ಷಮೆ ಕೇಳಿದ. ಮೇಷ್ಟ್ರು ಅಷ್ಟರಲ್ಲಿ ಮನೆಗೆ ಹೋಗಿದ್ದರು.

ನಾಲ್ಕೂವರೆಗೆ ಅವನು ಅಟ್ಟಣೆ ಹತ್ತಿದ. ಬತ್ತಳಿಕೆಯಲ್ಲಿ ಮರ್ಲ್‌ನ ಅಲಗಿನ ಬಾಣ ಎರಡು, ಡ್ವೇಯ್ನ್‌ನದು ಒಂದು. ಅರ್ಧ ಮೈಲಿ ದೂರದ ಕಾಡುರಸ್ತೆಯಲ್ಲಿ ಮೂವರೂ ತಮ್ಮ ತಮ್ಮ ಪಿಕಪ್ ನಿಲ್ಲಿಸಿಕೊಂಡು, ಚೀಸ್ ತುಂಡು ಮೆಲ್ಲುತ್ತ, ಬಿಯರ್ ಕುಡಿಯುತ್ತ ಕೂತಿದ್ದರು. ಬಿದ್ದ ಕರಡಿಯನ್ನು ಎಳೆಯಲು ಜನ ಬೇಕಲ್ಲ ಎಂಬುದು ಅವರು ಕೊಟ್ಟ ಕಾರಣ. ಐದರಿಂದ ಆರರವರೆಗೆ ನಾರ್ಬರ್ಟ್‌ನ ಜೇಬಿನಲ್ಲಿ ಫೋನ್ ಹದಿಮೂರು ಸಲ ನಡುಗಿತು. ಮಧ್ಯದ ಮಧ್ಯ. ಭುಜಕ್ಕೆ ಅಂಟಿದಂಗೆ. ಎಷ್ಟು ಬೆರಳು?

ಆರು ನಲವತ್ತಕ್ಕೆ ಕರಡಿ ಬಂತು. ಅಷ್ಟು ದೊಡ್ಡ ಮೈ, ಒಣ ಎಲೆಯ ಮೇಲೆ ಬೆಕ್ಕಿನಷ್ಟೂ ಸದ್ದಿಲ್ಲ. ಹದಿನೆಂಟು ಗಜದಲ್ಲಿ ಅಡ್ಡಲಾಗಿ ನಿಂತು ದಿಮ್ಮಿಗೆ ಮೂತಿ ಹಾಕಿತು. ನಾರ್ಬರ್ಟ್‌ನ ಎದೆ ಹಳೆಯ ಡೀಸೆಲ್ ಎಂಜಿನ್ನಿನಂತೆ ಹೊಡೆದುಕೊಂಡಿತು. ಹನ್ನೊಂದು ವರ್ಷ! ಕೈಗೆ ಸಿಕ್ಕಿದ ಬಾಣ ಹೂಡಿ ಹೆದೆ ಎಳೆದ. ಮಧ್ಯವೋ, ಭುಜವೋ, ಬೆರಳೋ ಎಂದು ಮೂರು ದನಿ ಒಟ್ಟಿಗೆ ಕಿರುಚಿದವು. ಕರಡಿ ಇನ್ನೊಂದು ಡೋನಟ್ಟಿಗಾಗಿ ಮುಂಗಾಲು ಮುಂದಕ್ಕೆ ಇಟ್ಟಿತು. ಆ ಕ್ಷಣ ಅವನ ತಲೆಯಲ್ಲಿ ಯಾರ ಮಾತೂ ಇರಲಿಲ್ಲ. ಬಾಣ ಬಿಟ್ಟ.

ಕರಡಿ ನಲವತ್ತು ಗಜ ಓಡಿತು. ಬಿತ್ತು. ಒಂದು ದೀರ್ಘ ನರಳಾಟ ಕೇಳಿಸಿತು, ಅದೂ ನಿಂತಿತು.

ನಾರ್ಬರ್ಟ್ ಫೋನ್ ಮಾಡಿದ್ದೇ ತಡ, ಮೂವರೂ ಓಡಿ ಬಂದರು. ಬಾಣ ಪಕ್ಕೆಯನ್ನು ದಾಟಿ ಆಚೆ ಕೆಸರಿನಲ್ಲಿ ಬಿದ್ದಿತ್ತು. ಅಲಗು ಮರ್ಲ್‌ನದು. ಅದರ ಒಂದು ರೆಕ್ಕೆ ಬಿಚ್ಚಿತ್ತು, ಇನ್ನೊಂದು ಬಿಚ್ಚಿರಲಿಲ್ಲ.

"ನಾನು ಹೇಳಲಿಲ್ವಾ? ನನ್ನ ಅಲಗು!" ಎಂದ ಮರ್ಲ್.

"ಬಿಚ್ಚದೇ ಕೊಂದಿದೆ. ಬಿಚ್ಚದೇ ಇರೋದಕ್ಕೆ ಗಟ್ಟಿ ಅಲಗು ಅಂತಾರೆ. ಗೆದ್ದದ್ದು ನಾನು," ಎಂದ ಡ್ವೇಯ್ನ್.

ಮೇಷ್ಟ್ರು ಮಂಡಿಯೂರಿ ಗಾಯದ ಪಕ್ಕ ಬೆರಳಿಟ್ಟು ಅಳೆದರು. "ನಾಲ್ಕು. ಕೊಂದದ್ದು ಅಲಗಲ್ಲ ಕಣ್ರೋ, ಪಾಠ. ಬರೀ ಗೂಟದಿಂದ ಹೊಡೆದಿದ್ರೂ ಸಾಯ್ತಿತ್ತು."

ನಾರ್ಬರ್ಟ್ ಏನೋ ಹೇಳಲು ಬಾಯಿ ತೆರೆದ. "ನೀನು ಸುಮ್ನಿರು, ನಿನಗೆ ಗೊತ್ತಾಗಲ್ಲ," ಎಂದ ಮರ್ಲ್.

ಹೊಡೆದ ಕರಡಿಯನ್ನು ಇಲಾಖೆಗೆ ಫೋನ್ ಮಾಡಿ ದಾಖಲು ಮಾಡಿಸಬೇಕು. ಆ ಗೌರವವೂ ತನಗೇ ಸೇರಬೇಕೆಂದು ಮರ್ಲ್ ನಾರ್ಬರ್ಟ್‌ನ ಪರವಾನಗಿ ಕಿತ್ತುಕೊಂಡು, ಎಲ್ಲರಿಗೂ ಕೇಳುವಂತೆ ಫೋನ್ ಇಟ್ಟು, ಸಂಖ್ಯೆ ಒತ್ತಿದ.

"ಈ ಪರವಾನಗಿಗೆ ಕರಡಿ ಕೊಲ್ಲುವ ಅನುಮತಿ ಇಲ್ಲ," ಎಂದಿತು ಯಂತ್ರದ ಹೆಣ್ಣು ದನಿ.

"ತಪ್ಪು ಒತ್ತಿದ್ದೀಯ," ಎಂದ ಡ್ವೇಯ್ನ್. ಮರ್ಲ್ ಮತ್ತೆ ಒತ್ತಿದ. ಆಕೆ ಮತ್ತೆ ಅದನ್ನೇ ಹೇಳಿದಳು. ಮರ್ಲ್ ಕಾಗದವನ್ನು ಮೂಗಿನ ಹತ್ತಿರ ಹಿಡಿದ.

"ನಾರ್ಬ್... ಇದು ಬಿ."

ಕರಡಿಯ ಪರವಾನಗಿಯಲ್ಲಿ ಎರಡು ಬಗೆ. ಎ ಇದ್ದವನು ಕೊಲ್ಲಬಹುದು. ಬಿ ಇದ್ದವನು ಎ ಇದ್ದವನಿಗೆ ಸಹಾಯ ಮಾಡಬಹುದು: ತಿಂಡಿ ಇಡಬಹುದು, ನಾಯಿ ಬಿಡಬಹುದು. ಚೀಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಎ ಮನೆಗೆ ಬರುವುದಿಲ್ಲ. ಪರವಾನಗಿ ಮಾರುವ ಅಂಗಡಿಯ ಕೌಂಟರಿಗೆ ಹೋಗಿ ತೆಗೆದುಕೊಳ್ಳಬೇಕು. ಡೋನಟ್ ಹೊತ್ತ ಹನ್ನೊಂದು ವರ್ಷವೂ ನಾರ್ಬರ್ಟ್ ಕೊಂಡದ್ದು ಬಿ. ಈ ಸಲವೂ ಮಾರ್ಚ್ ತಿಂಗಳಲ್ಲಿ ಹೋಗಿದ್ದ.

"ನಿನ್ನ ಅಂಗಡಿಗೇ ಬಂದಿದ್ದೆ ಮರ್ಲ್. 'ಪ್ರತಿ ವರ್ಷದ್ದೇ ತಾನೆ?' ಅಂತ ನೀನು ಕೇಳಿದೆ."

"ನೀನೇನಂದೆ?"

"'ಹೌದು' ಅಂದೆ."

ಮರ್ಲ್ ಕಾಗದವನ್ನು ಮಡಚಿ ನಾರ್ಬರ್ಟ್‌ನ ಜೇಬಿಗೆ ವಾಪಸು ತುರುಕಿದ.

"ಯಾರಿಗೂ ಹೇಳದೆ..." ಎಂದು ಡ್ವೇಯ್ನ್ ಶುರು ಮಾಡಿದ.

"ಇಲ್ಲ," ಎಂದ ನಾರ್ಬರ್ಟ್. ಅವತ್ತು ಅವನು ಒಬ್ಬರಿಗೆ ಇಲ್ಲ ಎಂದದ್ದು ಅದೇ ಮೊದಲು. ಫೋನ್ ತೆಗೆದು ಅರಣ್ಯ ವಾರ್ಡನ್ನಿಗೆ ತಾನೇ ಕರೆ ಮಾಡಿದ.

ಕರೆ ಮುಗಿಯುವ ಮೊದಲೇ ಮೂವರ ಅಭಿಪ್ರಾಯವೂ ಬದಲಾಗಿತ್ತು.

"ಈ ಅಲಗು ಎಲ್ಲಾ ಅಂಗಡಿಯಲ್ಲೂ ಸಿಗುತ್ತೆ. ನನ್ನದೇ ಅಂತ ಹೇಗೆ ಹೇಳೋಕಾಗುತ್ತೆ?" ಎಂದ ಮರ್ಲ್.

"ರೆಕ್ಕೆ ಬಿಚ್ಚಿದೆ. ನನ್ನದು ಬಿಚ್ಚೋದೇ ಇಲ್ಲ," ಎಂದ ಡ್ವೇಯ್ನ್.

ಮೇಷ್ಟ್ರು ಮತ್ತೆ ಅಳೆದರು. "ಐದು ಬೆರಳಿದೆ. ನಾನು ಐದು ಅಂತ ಯಾವತ್ತೂ ಕಲಿಸಿಲ್ಲ." ರಕ್ತದೊತ್ತಡದ ಮಾತ್ರೆಯ ಹೊತ್ತಾಯಿತೆಂದು ಮೊದಲು ಹೊರಟವರು ಅವರೇ. ಮರ್ಲ್‌ಗೆ ಅಂಗಡಿಯ ಬೋರ್ಡ್ ನೆನಪಾಯಿತು. ಡ್ವೇಯ್ನ್ ಕಾರಣ ಕೊಡುವ ಗೋಜಿಗೂ ಹೋಗಲಿಲ್ಲ.

ಏಳೂಮುಕ್ಕಾಲಿಗೆ ವಾರ್ಡನ್ ಆನೆಟ್ ರಿಬೋ ಬಂದರು. ಟಾರ್ಚ್ ಬಿಟ್ಟು ಗಾಯ ನೋಡಿದರು, ಬಾಣ ನೋಡಿದರು, ಕಾಗದ ನೋಡಿದರು.

"ಹದಿನಾರು ವರ್ಷದ ನೌಕರಿಯಲ್ಲಿ ಇಷ್ಟು ಚೊಕ್ಕವಾಗಿ ಹೊಡೆದದ್ದು ನೋಡಿಲ್ಲ, ಝೆಲಿನ್ಸ್ಕಿ. ಯಾರು ಹೇಳಿಕೊಟ್ಟರು ನಿಮಗೆ?"

ನಾರ್ಬರ್ಟ್ ಹಿಂದೆ ತಿರುಗಿ ನೋಡಿದ. ಮರಗಳಿದ್ದವು.

"ಯಾರೂ ಇಲ್ಲ ಮೇಡಂ."

"ಎಳೆಯೋಕೆ ಜನ ಇದ್ದಾರಾ?"

"ಅವರೂ ಇಲ್ಲ."

ಮುನ್ನೂರ ಹತ್ತು ಪೌಂಡಿನ ಕರಡಿಯನ್ನು ಇಬ್ಬರೂ ಸೇರಿ ಅರ್ಧ ಮೈಲಿ ಎಳೆದು ಇಲಾಖೆಯ ವಾಹನಕ್ಕೆ ಹಾಕಿದರು. ನಾರ್ಬರ್ಟ್‌ನ ಬೇಟೆಯ ಹಕ್ಕನ್ನು ಮೂರು ವರ್ಷಕ್ಕೆ ರದ್ದು ಮಾಡಲಾಯಿತು. ಅಂಕ ಸೊನ್ನೆ.

ಗುರುವಾರ ಬೆಳಗ್ಗೆ ಮರ್ಲ್ ತನ್ನ ಅಂಗಡಿಯ ಕಿಟಕಿಗೆ ಒಂದು ಕಾಗದ ಅಂಟಿಸಿದ: 'ಈ ವಾರ ನಮ್ಮೂರಿನಲ್ಲಿ ಮುನ್ನೂರ ಹತ್ತು ಪೌಂಡಿನ ಕರಡಿ ಕೊಂದ ಅಲಗು ಇಲ್ಲಿ ಸಿಗುತ್ತದೆ.' ಶನಿವಾರ ಸಂಜೆಯೊಳಗೆ ಹತ್ತೊಂಬತ್ತು ಪೊಟ್ಟಣ ಮಾರಾಟವಾದವು.