ಅರಚುವ ಚಕ್ರಕ್ಕೆ ಬ್ರೇಕು

ನನ್ನ ಸೋದರಮಾವನ ತಲೆಯೊಳಗೆ ಮಿದುಳಿಲ್ಲ, ಡಿಫರೆನ್ಷಿಯಲ್ ಇದೆ! ಅದೇ, ತಿರುವಿನಲ್ಲಿ ಕಾರಿನ ಎರಡು ಬದಿಯ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಜೋಡಣೆ. ಬೇಕಾದರೆ ಹಿಂದೂಪುರದಲ್ಲಿ ಯಾರನ್ನಾದರೂ ಕೇಳಿ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ಹಳೆಯ ವಿದೇಶಿ ಕಾರೊಂದನ್ನು ಕೊಂಡು ತಂದ ದಿನದಿಂದ ಆತ ಮನುಷ್ಯರನ್ನು ನೋಡುವುದನ್ನೇ ಬಿಟ್ಟ.

ಪರಿಗಿಯ ಮದುವೆಯೊಂದರಲ್ಲಿ ವಧೂವರರು ಕೈಹಿಡಿದು ಅಗ್ನಿ ಸುತ್ತುತ್ತಿದ್ದರೆ ಈತ ಎದ್ದು ನಿಂತು ಕೂಗಿಬಿಟ್ಟ: “ನೋಡ್ರಪ್ಪಾ! ಒಳಗಿನ ಹುಡ್ಗಿಗೆ ಹಾದಿ ಕಮ್ಮಿ, ಹೊರಗಿನ ಹುಡ್ಗಂಗೆ ಜಾಸ್ತಿ. ಇಬ್ರನ್ನೂ ಒಂದೇ ಗಳಕ್ಕೆ ಬಿಗಿದಿದ್ರೆ ತಿರುವ್ನಾಗೆ ಬಿದ್ದೋಗೋರು. ಸೆರಗಿನ ಗಂಟು ಸಡ್ಲ ಐತಲ್ಲ, ಅದೇ ಡಿಫರೆನ್ಷಿಯಲ್ಲು!” ಪುರೋಹಿತರ ಮಂತ್ರ ಅಲ್ಲೇ ಆಫ್! ಊಟದ ಪಂಕ್ತಿಯಲ್ಲಿ ಮಾವನ ದನಿ ತೆಗೆದು ಅಣಕಿಸಿ ನಾನು ಹೋಳಿಗೆ ಹೆಚ್ಚಿಗೆ ಗಿಟ್ಟಿಸಿದೆ.

ಇಂಥವನ ಕಾರಿನಲ್ಲೇ ಅಕ್ಕನ ಸಂಬಂಧ ಕುದುರಿಸಲು ಕಲ್ಯಾಣದುರ್ಗಕ್ಕೆ ಹೊರಟೆವು. ಅಕ್ಕ ಕಿಟಕಿಯ ಪಕ್ಕ ತುಟಿ ಬಿಚ್ಚದೆ ಕೂತಿದ್ದಳು. ಅಡ್ಡದಾರಿ ಅಂತ ಮಾವ ಒಣಹಳ್ಳಕ್ಕೆ ಇಳಿಸಿದ. ಮರಳು! ಒಂದು ಚಕ್ರ ಗಿರ್ರನೆ ತಿರುಗಿತು, ಕಾರು ಕದಲಲಿಲ್ಲ.

“ಆಕ್ಸಿಲೇಟ್ರು ಬಿಡಯ್ಯಾ!” ಅಪ್ಪ ಅರಚಿದ. ಮಾವ ಇನ್ನೂ ಒತ್ತಿದ! ಅಡಿಯಲ್ಲಿ ಕಟಕಟ ಕಟಕಟ...

“ದೇವುಡಾ, ಮುರ್ದೋಯ್ತು!” ಅಮ್ಮ ಕಣ್ಣು ಮುಚ್ಚಿದಳು. ತೆರೆಯುವಷ್ಟರಲ್ಲಿ ಕಾರು ಆಚೆ ದಡದಲ್ಲಿ!

“ಮುರ್ದಿಲ್ಲ ಕಣಕ್ಕಾ,” ಮಾವ ಅಮ್ಮನಿಗೆ ಹೇಳಿದ, “ಅದು ಬ್ರೇಕಿನ ಸದ್ದು. ಹಿಡಿತ ಇಲ್ದೆ ಅರಚೋ ಚಕ್ರಕ್ಕೇ ಡಿಫರೆನ್ಷಿಯಲ್ಲು ಎಲ್ಲಾ ಸುರೀತದೆ. ನೆಲ ಕಚ್ಕೊಂಡು ಸುಮ್ನಿರೋದಕ್ಕೆ ಏನೂ ಸಿಕ್ಕಲ್ಲ. ಅರಚೋದನ್ನ ಬ್ರೇಕು ಹಿಡ್ಕೊಂಡ್ರೆ ಬಲ ಇನ್ನೊಂದ್ಕೋಯ್ತದೆ. ಹಿಡ್ಕೊಳ್ಳೋ ಕೆಲ್ಸ ಕಾರೇ ಮಾಡ್ತದೆ. ನಾವು ಆಕ್ಸಿಲೇಟ್ರಿಂದ ಕಾಲು ತೆಗೀಬಾರ್ದು, ಅಷ್ಟೆ.”

“ಅರಚೋ ಚಕ್ರ ಅಂದ್ರೆ ಅಪ್ಪ ತಾನೆ?” ಅಂದೆ.

“ಇಬ್ರಿದ್ದೀರ ಕಣ್ಲಾ.”

ಕಲ್ಯಾಣದುರ್ಗದಲ್ಲಿ ಅಪ್ಪ ಉಪ್ಪಿಟ್ಟು ಮುಗಿಯುವ ಮುಂಚೆಯೇ ಲಗ್ನ ಯಾವ ತಿಂಗಳು ಎಂಬ ಮಾತಿಗೆ ಬಂದುಬಿಟ್ಟ. “ಹುಡ್ಗೀನೂ ಒಂದ್ಮಾತು ಕೇಳ್ರಪ್ಪ,” ಎಂದರು ಗಂಡಿನ ತಾಯಿ. ನಾನು ಸುಮ್ಮನಿರುವ ಜೀವವೇ? ಅಕ್ಕನ ದನಿ ತೆಗೆದು, ತಲೆ ತಗ್ಗಿಸಿ, “ನಂಗೊಪ್ಗೆ ಅಪ್ಪಾ...” ಎಂದು ನುಲಿದೆ. ಮನೆಯೆಲ್ಲ ಗೊಳ್ಳೆಂದು ನಕ್ಕಿತು. ನಗುತ್ತಲೇ ಅಪ್ಪ ತಾಂಬೂಲದ ತಟ್ಟೆಗೆ ಕೈಚಾಚಿದ!

ಥಟ್ಟನೆ ಮಾವನ ಒಂದು ಕೈ ನನ್ನ ಬಾಯಿ ಮುಚ್ಚಿತು. ಇನ್ನೊಂದು ಅಪ್ಪನ ಮಣಿಕಟ್ಟು ಹಿಡಿಯಿತು.

“ಈಗ ನೀನು ಹೇಳಮ್ಮ.”

ಅಕ್ಕ ತಲೆ ಎತ್ತಿದಳು. “ನಾನು ಬಿ.ಎಡ್ ಮುಗಿಸ್ಬೇಕು ಮಾವ. ಈಗ್ಲೇ ಮದ್ವೆ ಬ್ಯಾಡ.”

ಬೀಗರಾಗಬೇಕಿದ್ದವರು ದಂಗು, ಅಪ್ಪ ದಂಗು! ನನಗೋ ಬೇರೆಯೇ ದಿಗಿಲು: ಊರಿನವರ ದನಿಯನ್ನೆಲ್ಲ ಗಂಟಲಲ್ಲಿಟ್ಟುಕೊಂಡವನು ನಾನು, ಅಕ್ಕನ ಈ ದನಿಯನ್ನು ಕೇಳಿಯೇ ಇರಲಿಲ್ಲ!

ವಾಪಸು ಬರುವಾಗ ಅದೇ ಹಳ್ಳ, ಅದೇ ಮರಳು. ಚಕ್ರ ಅರಚಿತು. ಅಪ್ಪ ಬಾಯಿ ತೆರೆದು, ಮುಚ್ಚಿಕೊಂಡ. ಕಾರು ನಡೆಸುತ್ತಿದ್ದವನು ಮಾವನೇ. ಆದರೂ ಕನ್ನಡಿಯಲ್ಲಿ ಹಿಂದಿನ ಸೀಟಿನ ಅಕ್ಕನನ್ನು ನೋಡುತ್ತ ಮೆಲ್ಲಗೆ ಅಂದ:

“ಕಾಲು ತೆಗೀಬ್ಯಾಡ ಕಣಮ್ಮ.”