ಬ್ಯಾಕಪ್ಪಿಗೊಂದು ಬೈಪಾಸು

ಹೊನ್ನಾವರದಲ್ಲಿ ನನ್ನ ಹೆಂಡತಿ ಸುಧಾ ಫೋಟೊ ಸ್ಟುಡಿಯೋ ನಡೆಸುತ್ತಾಳೆ. ನಾನು ಪ್ರೌಢಶಾಲೆಯ ಗಣಿತ ಮಾಸ್ತರ. ಸ್ಟುಡಿಯೋದ ಕಂಪ್ಯೂಟರುಗಳ ಉಸ್ತುವಾರಿಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ನಾನೇ ವಹಿಸಿಕೊಂಡಿದ್ದೆ.

ಅಲ್ಲಿನ ತೊಂದರೆ ಇಷ್ಟೇ. ಮದುವೆ ವಿಡಿಯೋಗಳೆಲ್ಲ ದೊಡ್ಡ ಕಂಪ್ಯೂಟರಿನಲ್ಲಿರುತ್ತವೆ. ಅದು ಕೆಟ್ಟರೆ ಗತಿಯೇನೆಂದು ಅವುಗಳ ಇನ್ನೊಂದು ಪ್ರತಿ, ಅಂದರೆ ಬ್ಯಾಕಪ್ಪು, ಹಿಂದಿನ ಕೋಣೆಯ ಹಳೆ ಕಂಪ್ಯೂಟರಿಗೆ ಹೋಗುತ್ತದೆ. ಇದು ಹಗಲಲ್ಲೇ ಆಗಬೇಕು. ಸುಧಾ ಸಿಡಿಲಿಗೆ ಹೆದರಿ ಸಂಜೆ ಎಲ್ಲ ಪ್ಲಗ್ಗುಗಳನ್ನು ಕಿತ್ತಿಟ್ಟೇ ಮನೆಗೆ ಬರುವವಳು. ಇಂಟರ್ನೆಟ್ಟಿಗೂ ಬ್ಯಾಕಪ್ಪಿಗೂ ಒಂದೇ ತಂತಿ. ಬ್ಯಾಕಪ್ಪು ಹೊರಟಿತೆಂದರೆ ಉಳಿದದ್ದೆಲ್ಲ ನಿಂತಲ್ಲೇ ನಿಲ್ಲುತ್ತಿತ್ತು.

"ಬಹಳ ಸರಳ," ಎಂದೆ ನಾನು. "ಇನ್ನೊಂದು ನೆಟ್‌ವರ್ಕ್ ಕಾರ್ಡು ಕೂರಿಸಿ ಬ್ಯಾಕಪ್ಪಿಗೇ ಬೇರೆ ತಂತಿ ಎಳೆಯುವುದು. ಹೆದ್ದಾರಿಗೆ ಬೈಪಾಸ್ ಮಾಡಿದ ಹಾಗೆ!"

"ಬೈಪಾಸ್ ಆಗೂವರೆಗೆ ಇದ್ದ ರಸ್ತೆ ಉಳೀತದಾ?" ಎಂದಳು ಸುಧಾ.

ಇಂಥ ಅಪನಂಬಿಕೆಗಳಿಂದಲೇ ದೇಶ ಹಿಂದುಳಿದಿರುವುದು ಎಂದುಕೊಂಡು ಕುಮಟೆಗೆ ಹೋಗಿ ಕಂಪ್ಯೂಟರಿಗೊಂದರಂತೆ ಎರಡು ಕಾರ್ಡು ತಂದೆ. ಕಂಪ್ಯೂಟರಿನ ಹೊಟ್ಟೆ ಬಿಚ್ಚಿದ ಕೂಡಲೇ ಒಂದು ಸ್ಕ್ರೂ ಒಳಗೆ ಬಿತ್ತು. ಅದನ್ನು ಹೊರಗೆ ತರಲು ಕಂಪ್ಯೂಟರನ್ನು ತಲೆಕೆಳಗು ಮಾಡಿ ಕುಲುಕಿದೆ. ಹೊರಬಿದ್ದದ್ದು ಬೇರೆಯೇ ಸ್ಕ್ರೂ!

ಮುಂದಿನದು ಗೋಡೆ. ತಂತಿ ದಾಟಿಸಲು ಅಳತೆ ಹಾಕಿ, ಪೆನ್ಸಿಲಿನಿಂದ ಗುರುತು ಮಾಡಿ ಡ್ರಿಲ್ ಹಿಡಿದೆ. ಗಣಿತದ ಮಾಸ್ತರನ ಅಳತೆ ಅದು. ಹಿಂದಿನ ಕೋಣೆಗೆ ಹೋಗಬೇಕಿದ್ದ ತೂತು ಪಕ್ಕದ ನಾಗವೇಣಕ್ಕನ ಟೈಲರಿಂಗ್ ಅಂಗಡಿಗೆ ಹೋಯಿತು.

ಅವರು ಗೋಡೆಯ ಕ್ಯಾಲೆಂಡರನ್ನೇ ಕೈಯಲ್ಲಿ ಹಿಡಿದುಕೊಂಡು ಬಂದರು. "ಮಾಸ್ತರ್ರೇ, ನಮ್ಮ ದೀಪಾವಳಿಗೆ ಎಂತಕ್ಕೆ ತೂತು ಮಾಡಿದ್ರಿ?"

ನೋಡಿದರೆ ಹಬ್ಬದ ದಿನವೇ ಹಾರಿಹೋಗಿತ್ತು! ಕ್ಷಮೆ ಕೇಳಿ, ಎರಡನೆಯ ತೂತನ್ನು ಸರಿಯಾದ ಗೋಡೆಗೆ ಕೊರೆದು, ಅಂತೂ ತಂತಿ ಎಳೆದೆ. ಹೊಸ ಕಾರ್ಡಿನಲ್ಲಿ ಹಸಿರು ದೀಪ ಮಿನುಗಿತು. ಸುಧಾಳನ್ನು ಕರೆದು ತೋರಿಸಿದೆ.

"ದೀಪ ಹತ್ತಿತು. ಬ್ಯಾಕಪ್ಪು ಈ ತಂತಿಯಲ್ಲೇ ಹೋಗ್ತದೆ ಅಂತ ಹೇಗೆ ಗೊತ್ತು?"

"ಮತ್ತೆಲ್ಲಿ ಹೋಗ್ತದೆ?" ಎಂದು ನಕ್ಕೆ.

ಆ ಭಾನುವಾರ ಭಟ್ಕಳದಲ್ಲೊಂದು ನಿಕಾಹ್. ಮದುಮಗಳ ಅಣ್ಣ ಇರ್ಫಾನನಿಗೆ ದುಬೈಯಲ್ಲಿ ರಜೆ ಸಿಕ್ಕಿರಲಿಲ್ಲ. ತಂಗಿಯ ಮದುವೆಯನ್ನು ಅವನು ಮೊಬೈಲಿನಲ್ಲೇ ನೋಡಬೇಕು. ಹಾಲ್‌ನಿಂದ ಸುಧಾ ಕಳಿಸಿದ ದೃಶ್ಯಕ್ಕೆ ಸ್ಟುಡಿಯೋದ ದೊಡ್ಡ ಕಂಪ್ಯೂಟರ್ ಹೂವು, ಹೆಸರು ಸೇರಿಸಿ ಇಂಟರ್ನೆಟ್ಟಿಗೆ ಬಿಡುವ ಏರ್ಪಾಡು. ಹೊರಡುವಾಗ ಸುಧಾ ಬಾಗಿಲಲ್ಲಿ ನಿಂತು, "ನೋಡಿ, ಇವತ್ತು ಎಂತದೂ ಮುಟ್ಬೇಡಿ. ಸುಮ್ನೆ ಕೂತ್ರೆ ಸಾಕು," ಎಂದಳು.

ಕೂತೆ. ನೇರಪ್ರಸಾರ ಚೆನ್ನಾಗಿಯೇ ಶುರುವಾಯಿತು. ಅಷ್ಟರಲ್ಲಿ ಬ್ಯಾಕಪ್ಪಿನ ಹೊತ್ತಾಯಿತು. ಚಿತ್ರ ಕುಂಟತೊಡಗಿತು. ನೋಡುತ್ತೇನೆ, ಬ್ಯಾಕಪ್ಪು ಇನ್ನೂ ಹಳೆ ತಂತಿಯಲ್ಲೇ ಹೋಗುತ್ತಿದೆ! ನಾನು ಬೇರೆ ದಾರಿ ಮಾಡಿದ್ದೆನೇ ಹೊರತು, ಆ ದಾರಿಯಲ್ಲಿ ಹೋಗೆಂದು ಬ್ಯಾಕಪ್ಪಿಗೆ ಹೇಳಿಯೇ ಇರಲಿಲ್ಲ.

ಬ್ಯಾಕಪ್ಪನ್ನು ನಿಲ್ಲಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಿಲ್ಲಿಸುವುದು ಸೋಲೊಪ್ಪಿದಂತಲ್ಲವೇ? ಸೆಟ್ಟಿಂಗಿಗೆ ಹೋಗಿ, ಇನ್ನು ಮುಂದೆ ಎಲ್ಲವೂ ಹೊಸ ಕಾರ್ಡಿನ ಮೂಲಕವೇ ಹೋಗತಕ್ಕದ್ದು ಎಂದು ಆಜ್ಞೆ ಹೊರಡಿಸಿದೆ.

ಕಂಪ್ಯೂಟರ್ ವಿಧೇಯ ಪ್ರಾಣಿ. ಎಲ್ಲವನ್ನೂ ಕಳಿಸಿತು. ದುಬೈಗೆ ಹೋಗಬೇಕಿದ್ದ ನಿಕಾಹ್ ಕೂಡ ನಮ್ಮ ಹಿಂದಿನ ಕೋಣೆಗೆ ಹೋಯಿತು!

ಫೋನು ಬಂತು. ಪ್ರಸಾರದ ಕೆಳಗಿದ್ದ ಸ್ಟುಡಿಯೋ ನಂಬರು ನೋಡಿ ಇರ್ಫಾನನೇ ಮಾಡಿದ್ದ. "ಸಾರ್, ಎಂತ ಆತು? ನಮ್ಮ ಮಾಮಾ ಆಕಳಿಸ್ತಾ ಇದಾರೆ. ಬಾಯಿ ಮುಚ್ತಾನೇ ಇಲ್ಲ! ರೂಮಿನವ್ರೆಲ್ಲ ಕಾಯ್ತಾ ಇದಾರೆ."

"ದುಬೈ ಕಡೆ ನೆಟ್‌ವರ್ಕ್ ಸ್ವಲ್ಪ ನಿಧಾನ ಇರಬೇಕು," ಎಂದೆ, ಅತ್ಯಂತ ಗಂಭೀರವಾಗಿ.

ಆಮೇಲೆ ರೂಟರನ್ನು ಆರಿಸಿ ಹಚ್ಚಿದೆ. ಮಾಮಾ ಬಾಯಿ ಮುಚ್ಚಲಿಲ್ಲ. ಭಟ್ಕಳದಿಂದ ಸುಧಾಳ ಫೋನು. "ಎಂತ ಮುಟ್ಟಿದ್ರಿ?"

"ಏನೂ ಇಲ್ಲ. ಸ್ವಲ್ಪ ಸುಧಾರಣೆ..."

"ಮದುಮಗಳು ಅಣ್ಣ ನೋಡ್ದೇ ಒಪ್ಪಿಗೆ ಕೊಡೂದಿಲ್ಲ ಅಂತ ಅಳ್ತಾ ಕೂತಿದ್ದಾಳೆ. ಹಿರಿಯರೆಲ್ಲ ನನ್ನೇ ನೋಡ್ತಾ ಇದ್ದಾರೆ. ಆ ಹೊಸ ತಂತಿ ಕಿತ್ತು ಬಿಸಾಡಿ. ಈಗಲೇ!"

ಒಂದು ಮದುವೆಯೇ ನಿಂತಿತ್ತು, ನನ್ನ ಬೈಪಾಸಿನಿಂದ. ಬ್ಯಾಕಪ್ಪನ್ನೂ ನಿಲ್ಲಿಸಿ ತಂತಿ ಕಿತ್ತೆ.

ಪರದೆಯ ಮೇಲೆ ಮಾಮಾ ಬಾಯಿ ಮುಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಅಲ್ಲಿ ಒಪ್ಪಿಗೆಯ ಮಾತು ಕೇಳಿಸಿತು. ಇರ್ಫಾನ್ ಮತ್ತೆ ಫೋನ್ ಮಾಡಿದ. "ನೋಡಿದೆ ಸಾರ್," ಎಂದಷ್ಟೇ ಹೇಳಿ ಇಟ್ಟ. ನನಗೂ ಕಣ್ಣು ತುಂಬಿತು. ಅರ್ಧ ಸಂತೋಷಕ್ಕೆ, ಅರ್ಧ ಸುಧಾ ವಾಪಸ್ ಬರುತ್ತಾಳೆಂಬ ನೆನಪಿಗೆ.

ಬಂದವಳು ಬೈಯಲಿಲ್ಲ. ಅದು ಇನ್ನೂ ಭಯಂಕರ. ಮರುದಿನ ಅವಳೇ ಕೂತು, ಕಿತ್ತ ತಂತಿಯನ್ನು ಮತ್ತೆ ಚುಚ್ಚಿ, ಅದಕ್ಕೆ ಇಂಟರ್ನೆಟ್ಟಿನ ಗೊಡವೆ ಬೇಡವೆಂದೂ, ಬ್ಯಾಕಪ್ಪಿಗೆ ಹಳೆ ಕಂಪ್ಯೂಟರಿನ ಹೊಸ ಕಾರ್ಡಿನ ವಿಳಾಸವೇ ಸಾಕೆಂದೂ ತಿದ್ದಿದಳು. ಚಹಾ ಆರುವುದರೊಳಗೆ ಮುಗಿಯಿತು. ಈಗ ಬ್ಯಾಕಪ್ಪು ತನ್ನ ಪಾಡಿಗೆ ಹೋಗುತ್ತದೆ, ಪ್ರಸಾರವೂ ಕುಂಟುವುದಿಲ್ಲ.

ನನಗೂ ಸ್ಟುಡಿಯೋದಲ್ಲಿ ಅಧಿಕೃತ ಹುದ್ದೆ ದೊರಕಿದೆ. ಮದುವೆ ಹಾಲ್‌ನಲ್ಲಿ ಲೈಟಿನ ಸ್ಟ್ಯಾಂಡು ಹಿಡಿದು ನಿಲ್ಲುವುದು!

"ಅದರ ಸ್ವಿಚ್ಚು?" ಎಂದು ಕೇಳಿದೆ.

"ಅದನ್ನ ನಾನೇ ಹಾಕ್ತೆ," ಎಂದಳು.