ಬೀಗ ತೆಗೆದ ಕೈಪಿಡಿ

ಜಗತ್ ಸರ್ಕಲ್ ಹತ್ತಿರ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದ ದತ್ತಪ್ಪನಿಗೆ ಆ ಕೆಲಸ ತಂದವರು ಕಮಲಾಪುರದ ಕಟ್ಟಿಗೆ ಅಡ್ಡೆಯ ಕಲ್ಯಾಣಪ್ಪ. ಭಜನೆಗೆಂದು ಎಲೆಕ್ಟ್ರಾನಿಕ್ ಕೀಬೋರ್ಡ್ ಕೊಂಡಿದ್ದರು. ಅದರ ಕೈಪಿಡಿ ಇಂಗ್ಲಿಷ್ ಪಿಡಿಎಫ್. ಅದನ್ನು ಕನ್ನಡ ಮಾಡಿಕೊಡಬೇಕಿತ್ತು.

ಅಕ್ಷರ ಕಾಪಿ ಮಾಡಿ ಅನುವಾದದ ಆಪ್‌ಗೆ ಹಾಕಿದರೆ ಮುಗಿಯಿತು ಎಂದುಕೊಂಡು ದತ್ತಪ್ಪ ಒಪ್ಪಿದ. ಆದರೆ ಕಂಪನಿಯವರು ಪಿಡಿಎಫ್‌ಗೆ ಬೀಗ ಹಾಕಿದ್ದರು. ಓದಬಹುದಿತ್ತು, ಒಂದಕ್ಷರ ಎತ್ತಿಕೊಳ್ಳುವಂತಿರಲಿಲ್ಲ. ಪಕ್ಕದ ಮೊಬೈಲ್ ಅಂಗಡಿಯ ಶಹಬಾಜ್ ಬೀಗ ತೆಗೆಯುವ ವೆಬ್‌ಸೈಟೊಂದನ್ನು ತೋರಿಸಿಕೊಟ್ಟ. ಬೀಗ ಬಿಚ್ಚಿತು, ಆಪ್ ಕನ್ನಡ ಕಕ್ಕಿತು. ದತ್ತಪ್ಪ ಓದಿಯೂ ನೋಡದೆ ಪ್ರಿಂಟ್ ತೆಗೆದು ಕೊಟ್ಟು ಕಳಿಸಿದ.

ಕೆಲವು ದಿನಗಳ ಮೇಲೆ, ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದಂತೆ ಫೋನ್ ಬಂತು.

“ಕಮಲಾಪುರ ಠಾಣೆಯಿಂದ ಮಾತಾಡೋದು. ಕೀಬೋರ್ಡಿನ ಪುಸ್ತಕ ಕನ್ನಡ ಮಾಡಿದವ ನೀನೇ ಏನು? ಇವತ್ತೇ ಬಾ.”

ಪಿಡಿಎಫ್ ಬೀಗ ತೆಗೆದದ್ದಕ್ಕೇ ಈ ಕರೆ ಎಂದುಕೊಂಡ ದತ್ತಪ್ಪ ಶಹಬಾಜ್‌ನನ್ನು ಕೂಗಿ ಕರೆದು, ಬೀದಿಗೆಲ್ಲ ಕೇಳುವಂತೆ ಸಂಗತಿ ಹೇಳಿಕೊಂಡ. ಎದುರಿನ ನೋಟರಿಯ ಗುಮಾಸ್ತ ಅಣವೀರಪ್ಪ ರಸ್ತೆ ದಾಟಿ ಬಂದೇಬಿಟ್ಟ.

“ಬೀಗ ಮುರದೀಯಾ? ಮನಿ ಬೀಗ ಆದ್ರೇನು, ಕಂಪ್ಯೂಟರ್ ಬೀಗ ಆದ್ರೇನು. ಕಂಪನಿ ಯಾವ ದೇಶದ್ದು?”

“ಜಪಾನಿಂದು ಇರಬೇಕ್ರಿ.”

“ಹಂಗಿದ್ರ ಕೇಸು ಅಲ್ಲೇ ನಡೀತದ.”

“ನನಗ ಪಾಸ್‌ಪೋರ್ಟ್ ಇಲ್ರಿ.”

“ಅದೆಲ್ಲಾ ಅವರೇ ಮಾಡಿಸ್ತಾರ, ನೀ ಚಿಂತಿ ಮಾಡಬ್ಯಾಡ.”

ಶಹಬಾಜ್ ದನಿ ತಗ್ಗಿಸಿದ. “ಭಾಯ್, ನನ್ನ ಹೆಸರು ಮಾತ್ರ ತಗೀಬ್ಯಾಡ. ಮೊದಲು ಎಲ್ಲಾ ಡಿಲೀಟ್ ಹೊಡಿ.”

ದತ್ತಪ್ಪ ಎಲ್ಲವನ್ನೂ ಅಳಿಸಿದ. ಆ ಭರದಲ್ಲಿ ಬ್ರಹ್ಮಪುರದವರೊಬ್ಬರ ಮದುವೆ ಕಾರ್ಡೂ ಅಳಿಸಿಹೋಯಿತು. ಲಾಕಪ್ಪಿನಲ್ಲಿ ಸೊಳ್ಳೆ ಬಹಳ ಎಂದು ಅಣವೀರಪ್ಪ ತನ್ನದೇ ಹಳೆಯ ಚಾದರ ತಂದು ಅವನ ಬಗಲಿಗೆ ತುರುಕಿದ.

ಬಸ್ಸಿನಲ್ಲಿ ಕಂಡಕ್ಟರ್ ಸೀಟಿ ಊದಿದಾಗಲೆಲ್ಲ ದತ್ತಪ್ಪ ಎದ್ದು ನಿಲ್ಲುತ್ತಿದ್ದ. ಕಮಲಾಪುರ ಬರುವಷ್ಟರಲ್ಲಿ ನಾಲಿಗೆ ಜೋಳದ ರೊಟ್ಟಿಯಂತೆ ಒಣಗಿತ್ತು. ಠಾಣೆಯಲ್ಲಿ ಪಿಎಸ್ಐ ಮೇಜಿನ ಮೇಲೆ ಅವನು ಕೊಟ್ಟ ಕನ್ನಡ ಪ್ರತಿ. ಬೆಂಚಿನ ಮೇಲೆ ಗೋಣಿಚೀಲ ಇಟ್ಟುಕೊಂಡು ಕೂತ ಕಲ್ಯಾಣಪ್ಪ. ಕೂತುಕೋ ಎನ್ನುವ ಮೊದಲೇ ದತ್ತಪ್ಪ ಕೈ ಮುಗಿದ.

“ನಾನೇ ಬೀಗ ತಗದಿದ್ದು ಸಾಹೇಬ್ರ. ತಪ್ಪಾಗ್ಯದ. ಜಪಾನಿಗೆ ಮಾತ್ರ ಕಳಿಸಬ್ಯಾಡ್ರಿ.”

“ಯಾವ ಬೀಗ?” ಎಂದು ಪಿಎಸ್ಐ ಅವನನ್ನೂ ಅವನ ಚಾದರವನ್ನೂ ನೋಡಿದರು. “ಕಲ್ಯಾಣಪ್ಪನವರ, ತಗದು ತೋರಿಸ್ರಿ.”

ಚೀಲದಿಂದ ಕೀಬೋರ್ಡ್ ಹೊರಬಂತು, ಮೊದಲು ಒಂದು ಅರ್ಧ, ಆಮೇಲೆ ಇನ್ನೊಂದು ಅರ್ಧ.

ಪಿಎಸ್ಐ ಪ್ರತಿ ಎತ್ತಿ ಓದಿದರು: “‘ಎಡಗೈಗೆ ಒಂದು, ಬಲಗೈಗೆ ಇನ್ನೊಂದು ದನಿ ಬೇಕಾದಲ್ಲಿ ಕೀಬೋರ್ಡನ್ನು ನಡುವೆ ಸೀಳಿರಿ.’ ಅದಕ್ಕೊಂದು ಗುಂಡಿ ಇರ್ತದ, ಒತ್ತಿದ್ರ ಸಾಕು, ದನಿ ಎರಡಾಗ್ತದ. ನಮ್ಮ ಮಗಳ ಹತ್ರನೂ ಇಂಥದ್ದೇ ಅದ.”

“ಸೀಳೋದು ನಮ್ಮ ಕಸುಬು ನೋಡ್ರಿ,” ಎಂದರು ಕಲ್ಯಾಣಪ್ಪ. “ದಾರ ಹಿಡದು, ಗೆರಿ ಹಾಕೇ ಕೊಯ್ದೀನಿ.”

“ಇಂಗ್ಲಿಷಿನ್ಯಾಗ ಏನಿತ್ತು ತೋರಿಸು,” ಎಂದರು ಪಿಎಸ್ಐ. “ಕಂಪನೀದು ತಪ್ಪಿದ್ರ ಕಂಪನಿಗೇ ಕೇಳೋಣ.”

“ಡಿಲೀಟ್ ಮಾಡೀನ್ರಿ.”

“ಹಂಗಿದ್ರ ಈ ಅಕ್ಷರ ಎಲ್ಲಾ ನಿಂದೇ ಆದ್ವು. ಅವರಿಗೊಂದು ಹೊಸಾದು ಕೊಡಿಸು.”

ಜೈಲು ತಪ್ಪಿತಲ್ಲ ಎಂಬ ಸಮಾಧಾನದಲ್ಲಿ ದತ್ತಪ್ಪ ತಲೆಯಾಡಿಸಿಬಿಟ್ಟ. ಠಾಣೆಯ ಹೊರಗೆ ಕಲ್ಯಾಣಪ್ಪ ಅವನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು.

“ನಿನ್ನ ಮ್ಯಾಲ ನನಗೇನೂ ಸಿಟ್ಟಿಲ್ಲ ತಮ್ಮಾ. ಹೊಸಾದಕ್ಕೂ ಇದೇ ಪುಸ್ತಕ ಇಟ್ಕೋತೀನಿ. ಮುಂದಿನ ಪುಟದಾಗ ‘ಕೀಬೋರ್ಡಿನ ಹಳೆಯ ನೆನಪನ್ನು ಪೂರ್ತಿ ತೊಳೆಯಿರಿ’ ಅಂತ ಬರದೀಯಲ್ಲ, ಅದು ಬಿಸಿನೀರಾಗೇನು, ತಣ್ಣೀರಾಗೇನು?”